ಕಲ್ಲಚ್ಚಿನ ಜನಕನಾದ ಅಲೋಯಿಸ್ ಸೆನೆಫೆಲ್ಡರನ ಚರಿತ್ರೆ

ನಮ್ಮ ಮನೆಗಳಲ್ಲಿ ಸತ್ಯವೇದವುಂಟು, ಕೀರ್ತನೆಗಳ ಪುಸ್ತಕವುಂಟು. ಗೋಡೆಯ ಮೇಲೆ ವಚನವುಳ್ಳ ಒಂದು ಚಿತ್ರಪಟವೂ ತೂಗುತ್ತಿರುವದು. ಇವನ್ನು ದಿನಾಲು ನೋಡುವ ನಾವು, ಇವುಗಳ ಅಕ್ಷರಗಳೂ ಬಣ್ಣಗಳೂ ಕಾಗದದ ಮೇಲೆ ಹೇಗೆ ಮೂಡಿದವೆಂದು ಯೋಚಿಸುವದು ಅಪರೂಪ. ಅನ್ನವನ್ನು ಉಣ್ಣುವವನು ಗದ್ದೆಯಲ್ಲಿ ದುಡಿದವನನ್ನು ಮರೆಯುವಂತೆ, ಪುಸ್ತಕವನ್ನು ಓದುವವನು ಅಚ್ಚಿನ ವಿದ್ಯೆಗೋಸ್ಕರ ಕಷ್ಟಪಟ್ಟವರನ್ನು ಮರೆತುಬಿಡುತ್ತಾನೆ.

ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ಮಂಗಳೂರ ಸಮಾಚಾರವು ೧೮೪೩ನೇ ಇಸವಿಯಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ಅಯ್ಯನವರ ಕೈಯಿಂದ ಹೊರಟಿತೆಂಬದನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಆದರೆ ಅದು ಸೀಸದ ಅಚ್ಚುಮೊಳೆಗಳಿಂದ ಅಚ್ಚಾದದ್ದಲ್ಲ, ಒಂದು ಚಪ್ಪಟೆ ಕಲ್ಲಿನಿಂದ ಅಚ್ಚಾದದ್ದು ಎಂಬದನ್ನು ಬಲ್ಲವರು ಕೊಂಚ. ಆ ಕಲ್ಲಚ್ಚಿನ ವಿದ್ಯೆಯನ್ನು ಕಂಡುಹಿಡಿದವನು ಜರ್ಮನ್ ದೇಶದ ಒಬ್ಬ ಬಡ ನಾಟಕಕರ್ತನು. ಅವನು ತನ್ನ ವಿದ್ಯೆಯನ್ನು ಅರಸರ ಮುದ್ರೆಗಳಿಂದ ಭದ್ರಮಾಡಿ ಇಟ್ಟುಕೊಳ್ಳುವದಕ್ಕೆ ಬಹಳ ಪ್ರಯಾಸಪಟ್ಟನು. ಆದರೂ ಅದು ಅವನ ಕೈಯಿಂದ ಜಾರಿಹೋಯಿತು. ಕಡೆಗೆ ಅವನೇ ಅದನ್ನು ಎಲ್ಲರಿಗೂ ತೆರೆದುಕೊಟ್ಟನು. ಅವನ ಚರಿತ್ರೆಯನ್ನು ಈ ಸಾರಿ ಹೇಳುವದಕ್ಕೆ ನಮಗೆ ಮನಸ್ಸಾಯಿತು.

ಅಲೋಯಿಸ್ ಸೆನೆಫೆಲ್ಡರನು ೧೭೭೧ನೇ ಇಸವಿ ನವೆಂಬರ್ ೬ನೇ ತಾರೀಕಿನಲ್ಲಿ ಪ್ರಾಗ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ನಾಟಕಗಳಲ್ಲಿ ವೇಷಕಟ್ಟುವ ನಟನಾಗಿದ್ದನು. ಆಗ ನಾಟಕದ ಮಂಡಲಿಯು ಆ ಪಟ್ಟಣದಲ್ಲಿ ಇದ್ದದರಿಂದಲೇ ಮಗನು ಅಲ್ಲಿ ಹುಟ್ಟಿದನು. ತರುವಾಯ ಕುಟುಂಬವು ಬವೇರಿಯ ಸೀಮೆಯ ರಾಜಧಾನಿಯಾದ ಮ್ಯೂನಿಕ್ ನಗರದಲ್ಲಿ ನೆಲೆಸಿತು. ತಂದೆಗೆ ಅಲ್ಲಿಯ ಆಸ್ಥಾನದ ನಾಟಕಶಾಲೆಯಲ್ಲಿ ಕೆಲಸ ಸಿಕ್ಕಿತು. ನಟನ ಬದುಕು ಎಷ್ಟು ಅಸ್ಥಿರವೆಂದು ತಾನೇ ಅನುಭವಿಸಿದ ಆ ತಂದೆಯು, ಮಗನು ನಾಟಕದ ದಾರಿಯನ್ನು ಹಿಡಿಯದೆ ಕಾಯಿದೆಯನ್ನು ಕಲಿತು ವಕೀಲನಾಗಲಿ ಎಂದು ಆಶಿಸಿದನು. ಹುಡುಗನು ಓದಿನಲ್ಲಿ ಚುರುಕಾಗಿದ್ದನು. ಅವನಿಗೆ ವಿದ್ಯಾರ್ಥಿವೇತನವು ದೊರೆತು, ಇಂಗೋಲ್‌ಸ್ಟಾಟ್ ಎಂಬ ಊರಿನ ವಿದ್ಯಾಪೀಠದಲ್ಲಿ ಕಾಯಿದೆಯನ್ನು ಕಲಿಯತೊಡಗಿದನು.

ಆದರೆ ೧೭೯೧ರಲ್ಲಿ ತಂದೆಯು ತೀರಿಹೋದನು. ಅಲೋಯಿಸನು ಒಂಭತ್ತು ಮಂದಿ ಮಕ್ಕಳಲ್ಲಿ ಹಿರಿಯನು. ವಿಧವೆಯಾದ ತಾಯಿಯೂ ಎಂಟು ಮಂದಿ ತಮ್ಮ ತಂಗಿಯರೂ ಅವನ ಮುಖವನ್ನು ನೋಡುವವರಾದರು. ಹಿರಿಯ ಮಗನ ಹೊರೆ ಎಂಥದೆಂದು ನಮ್ಮ ಹಳ್ಳಿಗಳಲ್ಲಿ ಹೇಳಿ ತಿಳಿಸಬೇಕಾಗಿಲ್ಲ. ಅವನು ಓದನ್ನು ಬಿಟ್ಟು, ತಂದೆಯು ಬೇಡವೆಂದ ದಾರಿಯನ್ನೇ ಹಿಡಿದು, ಊರೂರಿಗೆ ಹೋಗುವ ನಾಟಕದವರ ಸಂಗಡ ತಿರುಗಿದನು. ಅದರಲ್ಲಿ ಕಷ್ಟವಲ್ಲದೆ ಮತ್ತೇನೂ ಸಿಕ್ಕಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಅವನು ಬರೆದ ಒಂದು ಚಿಕ್ಕ ನಾಟಕವು ಜನರ ಮೆಚ್ಚಿಗೆಯನ್ನು ಪಡೆದು ಕೊಂಚ ಹಣವನ್ನೂ ತಂದಿತ್ತು. ಆದದರಿಂದ ಬರೆದು ಬದುಕುವೆನೆಂದು ಅವನು ಇನ್ನೊಂದು ನಾಟಕವನ್ನು ಬರೆದನು. ಆದರೆ ಅಚ್ಚಿನ ಮನೆಯವರು ಕೆಲಸವನ್ನು ತಡಮಾಡಿದ್ದರಿಂದ ಆ ಪುಸ್ತಕವು ಲೈಪ್‌ಸಿಗ್ ಪಟ್ಟಣದ ಪುಸ್ತಕದ ಸಂತೆಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಸಂತೆ ತೀರಿದ ಮೇಲೆ ಬಂದ ಸರಕಿಗೆ ಬೆಲೆ ಏನು? ಅಚ್ಚಿನ ಖರ್ಚು ಕೂಡ ಹುಟ್ಟಲಿಲ್ಲ.

ಈ ನಷ್ಟವೇ ಅವನ ತಲೆಯಲ್ಲಿ ಒಂದು ಯೋಚನೆಯನ್ನು ಬಿತ್ತಿತು. ಅಚ್ಚಿನ ಮನೆಯಲ್ಲಿ ಕೆಲಸ ನಡೆಯುವದನ್ನು ಅವನು ನೋಡಿದ್ದನು. ತನ್ನ ಪುಸ್ತಕವನ್ನು ತಾನೇ ಅಚ್ಚುಹಾಕಿಕೊಂಡರೆ ಯಾರ ಹಂಗೂ ಬೇಡವೆಂದು ನೆನಸಿದನು. ಆದರೆ ಸೀಸದ ಅಚ್ಚುಮೊಳೆಗಳನ್ನೂ ಯಂತ್ರವನ್ನೂ ಕೊಳ್ಳುವದಕ್ಕೆ ಅವನಲ್ಲಿ ಹಣವಿರಲಿಲ್ಲ. ಆಗ ಚಿತ್ರಗಳನ್ನು ಅಚ್ಚುಹಾಕುವವರು ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಕೊರೆದು, ಆ ಗೆರೆಗಳಲ್ಲಿ ಮಸಿಯನ್ನು ತುಂಬಿ ಒತ್ತುತ್ತಿದ್ದರು. ಅದೇ ರೀತಿಯಲ್ಲಿ ತಾನು ಅಕ್ಷರಗಳನ್ನು ಕೊರೆಯುವೆನೆಂದು ಅವನು ಹೊರಟನು. ಇದರಲ್ಲಿ ಎರಡು ತೊಡಕುಗಳಿದ್ದವು. ಅಚ್ಚಿನಲ್ಲಿ ಎಡವು ಬಲವಾಗಿ, ಬಲವು ಎಡವಾಗಿ ಬೀಳುವದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗುಮುರುಗಾಗಿ ಬರೆಯಬೇಕು, ಇದು ಒಂದು. ತಾಮ್ರಕ್ಕೆ ಬೆಲೆ ಹೆಚ್ಚು, ಒಮ್ಮೆ ಬರೆದದ್ದನ್ನು ತಿಕ್ಕಿ ತೆಗೆಯುವದು ಬಹು ಶ್ರಮ, ಇದು ಎರಡನೆಯದು. ಅವನಲ್ಲಿ ಇದ್ದ ತಗಡು ತಿಕ್ಕಿ ತಿಕ್ಕಿ ತೆಳ್ಳಗಾಗುತ್ತಾ ಬಂತು.

ಬವೇರಿಯ ಸೀಮೆಯಲ್ಲಿ ಸೋಲ್ನ್‌ಹೋಫೆನ್ ಎಂಬ ಊರಿನ ಸುತ್ತಿನಲ್ಲಿ ನುಣುಪಾದ ಒಂದು ಬಗೆಯ ಸುಣ್ಣದ ಕಲ್ಲು ಪದರ ಪದರವಾಗಿ ಸಿಕ್ಕುತ್ತದೆ. ಮನೆಗಳ ನೆಲಕ್ಕೆ ಹಾಸುವದಕ್ಕೆ ಜನರು ಅದನ್ನು ತರುತ್ತಿದ್ದರು. ತಾಮ್ರವನ್ನು ಕೆಡಿಸದೆ ಕೈಯನ್ನು ಪಳಗಿಸಿಕೊಳ್ಳುವದಕ್ಕಾಗಿ ಸೆನೆಫೆಲ್ಡರನು ಅಂಥ ಕಲ್ಲನ್ನು ತಂದು, ಅದರ ಮೇಲೆ ತಿರುಗುಮುರುಗು ಅಕ್ಷರಗಳನ್ನು ಬರೆದು ಅಭ್ಯಾಸಮಾಡತೊಡಗಿದನು. ತಪ್ಪಾದ ಗೆರೆಗಳನ್ನು ಮುಚ್ಚುವದಕ್ಕಾಗಿ ಮೇಣ, ಸಾಬೂನು, ದೀಪದ ಕಾಡಿಗೆ ಇವುಗಳನ್ನು ಕೂಡಿಸಿ ಒಂದು ಮಸಿಯನ್ನೂ ಮಾಡಿಟ್ಟುಕೊಂಡಿದ್ದನು.

೧೭೯೬ನೇ ಇಸವಿಯ ಜುಲೈ ತಿಂಗಳಲ್ಲಿ ಒಂದು ದಿವಸ, ಅವನು ಒಂದು ಕಲ್ಲನ್ನು ಉಜ್ಜಿ ನುಣುಪುಮಾಡಿ ಮುಗಿಸುವಷ್ಟರಲ್ಲಿ ತಾಯಿಯು ಒಳಗೆ ಬಂದು, ಒಗೆಯುವದಕ್ಕೆ ಕೊಡುವ ಬಟ್ಟೆಗಳ ಪಟ್ಟಿಯನ್ನು ಬರೆದುಕೊಡೆಂದು ಕೇಳಿದಳು. ಬಟ್ಟೆ ಒಗೆಯುವವಳು ಬಾಗಿಲಲ್ಲಿ ಕಾಯುತ್ತಿದ್ದಳು. ಮನೆಯಲ್ಲಿ ಹುಡುಕಿದರೆ ಒಂದು ತುಂಡು ಕಾಗದವಿಲ್ಲ, ಕುಡಿಕೆಯಲ್ಲಿ ಇದ್ದ ಶಾಯಿಯೂ ಒಣಗಿಹೋಗಿತ್ತು. ಆಮೇಲೆ ಕಾಗದಕ್ಕೆ ಇಳಿಸಿಕೊಂಡರಾಯಿತೆಂದು ಅವನು ಆ ಮೇಣದ ಮಸಿಯಿಂದ ಕೈಗೆ ಸಿಕ್ಕಿದ ಕಲ್ಲಿನ ಮೇಲೆಯೇ ಪಟ್ಟಿಯನ್ನು ಬರೆದುಬಿಟ್ಟನು. ಬಳಿಕ ಅದನ್ನು ಒರಸುವದಕ್ಕೆ ಹೋದವನು ತಡೆದು ನಿಂತನು. ಈ ಕಲ್ಲಿನ ಮೇಲೆ ತೀಕ್ಷ್ಣವಾದ ಆಮ್ಲವನ್ನು ಹೊಯ್ದರೆ ಏನಾಗುವದು ಎಂಬ ವಿಚಾರವು ಅವನಲ್ಲಿ ಹುಟ್ಟಿತು. ನೈಟ್ರಿಕ್ ಆಮ್ಲದ ಒಂದು ಪಾಲಿಗೆ ಹತ್ತು ಪಾಲು ನೀರನ್ನು ಬೆರಸಿ, ಐದು ನಿಮಿಷ ಕಲ್ಲಿನ ಮೇಲೆ ನಿಲ್ಲಿಸಿದನು. ಬರಿದಾದ ಕಲ್ಲು ಸವೆಯಿತು. ಮೇಣವು ಕಾಪಾಡಿದ ಅಕ್ಷರಗಳು ಒಂದು ದಪ್ಪ ಕಾಗದದಷ್ಟು ಎತ್ತರವಾಗಿ ಎದ್ದು ನಿಂತವು. ಅವುಗಳಿಗೆ ಮಸಿಯನ್ನು ಸವರಿ ಕಾಗದವನ್ನು ಒತ್ತಿದಾಗ ಅಚ್ಚು ಚೆನ್ನಾಗಿ ಬಿತ್ತು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಅವನು ತಾಯಿಯ ಸಣ್ಣ ಕೆಲಸವನ್ನು ತಳ್ಳಿಬಿಡದೆ ಮಾಡಿದನು. ಆ ಕೆಲಸದ ಮೂಲಕವೇ ಅವನಿಗೆ ಬಾಗಿಲು ತೆರೆಯಿತು. ಆದರೂ ಇದು ಬರೇ ಅದೃಷ್ಟವೆಂದು ಯಾರೂ ಎಣಿಸಬಾರದು. ಬಟ್ಟೆಯ ಪಟ್ಟಿಯನ್ನು ಲೋಕದಲ್ಲಿ ಎಷ್ಟೋ ಮಂದಿ ಬರೆದಿದ್ದರು. ಅವನು ಬಹುಕಾಲ ಶ್ರಮಪಟ್ಟು ಕಲ್ಲನ್ನೂ ಮಸಿಯನ್ನೂ ಆಮ್ಲವನ್ನೂ ಬಲ್ಲವನಾಗಿದ್ದದರಿಂದಲೇ ಅದರೊಳಗೆ ಅಡಗಿದ್ದದ್ದನ್ನು ಕಂಡನು. ದೇವರ ಪರಾಂಬರಿಕೆಯು ಸಾಮಾನ್ಯವಾಗಿ ದುಡಿಯುವ ಕೈಗಳನ್ನೇ ಹುಡುಕಿಕೊಂಡು ಬರುತ್ತದೆ.

ದಾರಿ ಸಿಕ್ಕಿತು, ಆದರೆ ದಾರಿಯ ಖರ್ಚಿಗೆ ಹಣವಿರಲಿಲ್ಲ. ಆಗ ಅವನು ಒಂದು ಸಾಹಸವನ್ನು ಮಾಡಿದನು. ತೋಪಿನ ದಳಕ್ಕೆ ಸೇರಬೇಕಾಗಿದ್ದ ಪರಿಚಿತನೊಬ್ಬನು ತನಗೆ ಬದಲಾಗಿ ಹೋಗುವವನಿಗೆ ೨೦೦ ಗುಲ್ಡನ್ ನಾಣ್ಯಗಳನ್ನು ಕೊಡುವದಕ್ಕೆ ಒಪ್ಪಿದ್ದನು. ಸೆನೆಫೆಲ್ಡರನು ತನ್ನನ್ನು ಸಿಪಾಯಿಯಾಗಿ ಮಾರಿಕೊಂಡು ಆ ಹಣದಿಂದ ಯಂತ್ರವನ್ನು ಮಾಡಿಸಬೇಕೆಂದು ಇಂಗೋಲ್‌ಸ್ಟಾಟಿಗೆ ಹೋದನು. ಆದರೆ ಪ್ರಾಗ್‌ನಲ್ಲಿ ಹುಟ್ಟಿದವನು ಬವೇರಿಯದವನಲ್ಲವೆಂದು ಅಧಿಕಾರಿಗಳು ಅವನನ್ನು ಹಿಂದಕ್ಕೆ ಕಳುಹಿಸಿದರು. ಅಂದು ಅವನು ಎಷ್ಟೋ ಕುಂದಿರಬಹುದು. ಆದರೆ ಅವನು ದಳಕ್ಕೆ ಸೇರಿದ್ದರೆ ಆ ಯುದ್ಧಕಾಲದಲ್ಲಿ ಅವನ ವಿದ್ಯೆಯೂ ಅವನ ಸಂಗಡವೇ ಮಣ್ಣುಪಾಲಾಗುತ್ತಿತ್ತೋ ಏನೋ! ನಮಗೆ ಮುಚ್ಚಿದ ಬಾಗಿಲುಗಳಿಗಾಗಿಯೂ ನಾವು ಸ್ತೋತ್ರಮಾಡತಕ್ಕವರಾಗಿದ್ದೇವೆ.

ಹಿಂತಿರುಗುವ ದಾರಿಯಲ್ಲಿ, ಅಂದಗೆಟ್ಟು ಅಚ್ಚಾದ ಸಂಗೀತದ ಹಾಳೆಯು ಅವನ ಕಣ್ಣಿಗೆ ಬಿತ್ತು. ರಾಗದ ಗುರುತುಗಳನ್ನು ಕಲ್ಲಿನಿಂದ ಇದಕ್ಕಿಂತ ಚೆನ್ನಾಗಿಯೂ ಅಗ್ಗವಾಗಿಯೂ ಅಚ್ಚುಹಾಕಬಹುದೆಂದು ಅವನಿಗೆ ಹೊಳೆಯಿತು. ಮ್ಯೂನಿಕ್ಕಿನ ಆಸ್ಥಾನದ ಸಂಗೀತಗಾರನಾದ ಫ್ರಾನ್ಸ್ ಗ್ಲೈಸ್ನರನು ಅವನೊಡನೆ ಕೂಡಿದನು. ಇಬ್ಬರೂ ಸೇರಿ ಅದೇ ೧೭೯೬ರಲ್ಲಿ ಗ್ಲೈಸ್ನರನ ಹನ್ನೆರಡು ಹಾಡುಗಳನ್ನು ಕಲ್ಲಿನಿಂದ ಅಚ್ಚುಹಾಕಿದರು. ಲಾಭವಾಯಿತು. ಬವೇರಿಯದ ದೊರೆಯಾದ ಕಾರ್ಲ್ ಥಿಯೊಡೋರನು ೧೦೦ ಗುಲ್ಡನ್ ಬಹುಮಾನವನ್ನು ಕೊಟ್ಟನು. ಸೆನೆಫೆಲ್ಡರನು ವಿದ್ವಾಂಸರ ಪರಿಷತ್ತಿಗೂ ತನ್ನ ಕೆಲಸವನ್ನು ಕಳುಹಿಸಿ, ತನ್ನ ಯಂತ್ರವು ಎಷ್ಟು ಅಗ್ಗವೆಂದು ತೋರಿಸುವದಕ್ಕೆ ಅದಕ್ಕೆ ತಗಲಿದ್ದು ೬ ಗುಲ್ಡನ್ ಮಾತ್ರವೆಂದು ತಿಳಿಸಿದನು. ಪರಿಷತ್ತಿನವರು ಅವನಿಗೆ ೧೨ ಗುಲ್ಡನ್ ಕಳುಹಿಸಿ, ಖರ್ಚಿಗೆ ಇಮ್ಮಡಿ ಕೊಟ್ಟೆವೆಂದು ಸುಮ್ಮನಾದರು. ಯಂತ್ರದ ಬೆಲೆಯನ್ನು ಅವರು ಎಣಿಸಿದರು, ವಿದ್ಯೆಯ ಬೆಲೆಯನ್ನು ಎಣಿಸಲಿಲ್ಲ. ಆ ಮೇಲೆ ಹೊಸದಾಗಿ ಮಾಡಿಸಿದ ಯಂತ್ರವು ಕೆಟ್ಟು, ಕಾಗದಗಳು ಹರಿದು, ಒಪ್ಪಿಕೊಂಡ ಕೆಲಸಗಳು ಕೈತಪ್ಪಿ, ಮಿತ್ರರಿಬ್ಬರೂ ಸಾಲಗಾರರಾದರು.

ಇಷ್ಟರ ವರೆಗೆ ಅವನು ಮಾಡಿದ್ದು ಉಬ್ಬಿದ ಅಕ್ಷರಗಳಿಂದ ಅಚ್ಚುಹಾಕುವ ಕೆಲಸವೇ. ದೊಡ್ಡ ಸಂಗತಿಯು ೧೭೯೮ರಲ್ಲಿ ನಡೆಯಿತು. ಅವನು ಒಂದು ಹಳೇ ಪುಸ್ತಕದ ಹಾಳೆಯನ್ನು ಗೋಂದು ಕರಗಿಸಿದ ನೀರಿನಿಂದ ನೆನಸಿ, ಅದಕ್ಕೆ ಎಣ್ಣೆಯ ಮಸಿಯನ್ನು ಸವರಿದನು. ಒದ್ದೆಯಾದ ಬಿಳೀ ಭಾಗವು ಮಸಿಯನ್ನು ಹತ್ತಿಸಿಕೊಳ್ಳಲಿಲ್ಲ. ಜಿಡ್ಡುಳ್ಳ ಅಕ್ಷರಗಳು ಮಾತ್ರ ಹತ್ತಿಸಿಕೊಂಡವು. ಕಲ್ಲು ಸಹ ಹೀಗೆಯೇ ಮಾಡೀತೇ ಎಂದು ಪರೀಕ್ಷಿಸಿದನು. ಕಾಗದಕ್ಕಿಂತಲೂ ಚೆನ್ನಾಗಿ ಮಾಡಿತು.

ಇದನ್ನು ತಿಳಿಯುವದು ಕಷ್ಟವಲ್ಲ. ಎಣ್ಣೆ ಹಚ್ಚಿಕೊಂಡ ಕೈಯ ಮೇಲೆ ನೀರು ಹೊಯ್ದರೆ ಅದು ನಿಲ್ಲದೆ ಹನಿಯಾಗಿ ಜಾರುತ್ತದೆ. ಎಣ್ಣೆಗೂ ನೀರಿಗೂ ಕೂಡಿಕೆಯಿಲ್ಲ. ಸೋಲ್ನ್‌ಹೋಫೆನಿನ ಕಲ್ಲಾದರೋ ಎಣ್ಣೆಯನ್ನೂ ಹೀರುತ್ತದೆ, ನೀರನ್ನೂ ಹೀರುತ್ತದೆ. ಚಪ್ಪಟೆಯಾದ ಕಲ್ಲಿನ ಮೇಲೆ ಮೇಣ ಸಾಬೂನುಗಳ ಜಿಡ್ಡುಮಸಿಯಿಂದ ಬರೆಯಬೇಕು. ತರುವಾಯ ಸ್ವಲ್ಪ ಆಮ್ಲ ಬೆರಸಿದ ಗೋಂದಿನ ನೀರನ್ನು ಸವರಿದರೆ, ಬರೆಯದೆ ಉಳಿದ ಜಾಗವು ಜಿಡ್ಡನ್ನು ಬೇಡವೆನ್ನುವ ಗುಣವನ್ನು ಹೊಂದುತ್ತದೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಎಣ್ಣೆಯ ಮಸಿ ಹಚ್ಚಿದ ಉರುಳೆಯನ್ನು ಉರುಳಿಸಿದರೆ, ಮಸಿಯು ಬರಹಕ್ಕೆ ಮಾತ್ರ ಅಂಟುವದು. ಕಾಗದವನ್ನು ಇಟ್ಟು ಒತ್ತಿದರೆ ಅಚ್ಚಾಯಿತು. ಪುನಃ ನೀರು, ಪುನಃ ಮಸಿ, ಪುನಃ ಕಾಗದ. ಇಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಆದದರಿಂದ ಅವನು ಇದನ್ನು ರಸಾಯನದ ಅಚ್ಚು ಎಂದು ಕರೆದನು. ಇದಲ್ಲದೆ, ಸಾಧಾರಣವಾಗಿ ಕಾಗದದ ಮೇಲೆ ಜಿಡ್ಡುಮಸಿಯಿಂದ ಬರೆದು, ಆ ಬರಹವನ್ನು ಕಲ್ಲಿಗೆ ಒತ್ತಿ ಇಳಿಸುವ ಉಪಾಯವನ್ನೂ ಕಂಡುಹಿಡಿದನು. ಹೀಗೆ ತಿರುಗುಮುರುಗಾಗಿ ಬರೆಯುವ ತೊಡಕೂ ತೀರಿತು. ಅಕ್ಷರ ಬಲ್ಲ ಯಾವನಾದರೂ ತನ್ನ ಕೈಬರಹವನ್ನೇ ನೂರಾರು ಪ್ರತಿಗಳಾಗಿ ಮಾಡುವದಕ್ಕೆ ದಾರಿಯಾಯಿತು.

ಇನ್ನು ಅವನ ಸನದುಗಳ ವಿಷಯವನ್ನು ಹೇಳುವೆವು. ಒಬ್ಬನು ಹೊಸ ಉಪಾಯವನ್ನು ಕಂಡುಹಿಡಿದರೆ, ಇಷ್ಟು ವರುಷಗಳ ವರೆಗೆ ಅದನ್ನು ಅವನ ಹೊರತು ಬೇರೆ ಯಾರೂ ಅವನ ಅಪ್ಪಣೆಯಿಲ್ಲದೆ ನಡಿಸಬಾರದೆಂದು ಸರಕಾರವು ಬರೆದುಕೊಡುವ ಹಕ್ಕಿನ ಪತ್ರಕ್ಕೆ ಪೇಟೆಂಟ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಈಗ ಇದರ ಅವಧಿ ೨೦ ವರುಷ. ಇದು ನ್ಯಾಯವಾದದ್ದೇ. ಹೊಲವನ್ನು ಉತ್ತವನಿಗೆ ಬೆಳೆಯಲ್ಲಿ ಪಾಲು ಬೇಡವೇ? ೧೭೯೯ನೇ ಇಸವಿ ಸಪ್ಟೆಂಬರ್ ೩ರಲ್ಲಿ ಬವೇರಿಯದ ಹೊಸ ದೊರೆಯಾದ ಮಾಕ್ಸಿಮಿಲಿಯನ್ ಯೋಸೆಫನು ಸೆನೆಫೆಲ್ಡರನಿಗೆ ೧೫ ವರುಷಗಳ ಸನದನ್ನು ಕೊಟ್ಟನು. ಅದೇ ವರುಷದಲ್ಲಿ ಓಫನ್‌ಬಾಖ್ ಎಂಬ ಊರಿನ ಸಂಗೀತಪುಸ್ತಕಗಳ ವ್ಯಾಪಾರಿಯಾದ ಯೋಹಾನ್ ಆಂಟೋನ್ ಆಂಡ್ರೆ ಎಂಬವನು ಈ ಕೆಲಸವನ್ನು ಕಣ್ಣಾರೆ ನೋಡಿ, ೨೦೦೦ ಗುಲ್ಡನ್ ಕೊಡುವದಕ್ಕೆ ಒಪ್ಪಿ, ಅವನನ್ನು ತನ್ನ ಊರಿಗೆ ಕರೆದನು. ಲಂಡನ್, ಪಾರಿಸ್, ವಿಯೆನ್ನಾ, ಬರ್ಲಿನ್ ಎಂಬ ದೊಡ್ಡ ಪಟ್ಟಣಗಳಲ್ಲೆಲ್ಲಾ ಸನದುಗಳನ್ನು ಪಡೆದು ಅಚ್ಚಿನ ಮನೆಗಳನ್ನು ಸ್ಥಾಪಿಸಬೇಕೆಂಬದು ಅವರ ಯೋಚನೆಯಾಗಿತ್ತು.

ಸೆನೆಫೆಲ್ಡರನು ಲಂಡನಿಗೆ ಹೋಗಿ ಕೆಲವು ತಿಂಗಳು ಇದ್ದನು. ಗುಟ್ಟು ಹೊರಗೆ ಬೀಳಬಾರದೆಂದು ಆ ಕಾಲವನ್ನು ಹೆಚ್ಚಾಗಿ ಒಂಟಿಯಾಗಿಯೇ ಕಳೆಯಬೇಕಾಯಿತು. ಅಲ್ಲಿಯ ಪೇಟೆಂಟು ೧೮೦೧ರಲ್ಲಿ ಅವನ ಹೆಸರಿಗೆ ಸಿಕ್ಕಿತು. ಕಾಗದದ ಮೇಲೆ ಮಾತ್ರವಲ್ಲದೆ ನಾರುಬಟ್ಟೆ, ಹತ್ತಿಬಟ್ಟೆ, ಉಣ್ಣೆ ಇವುಗಳ ಮೇಲೆಯೂ ಅಚ್ಚುಹಾಕುವ ಕ್ರಮವು ಅದರಲ್ಲಿ ಸೇರಿತ್ತು. ಆದರೆ ಈ ಮಧ್ಯದಲ್ಲಿ ದುಃಖದ ಸುದ್ದಿ ಬಂತು. ಅವನ ತಾಯಿಯೇ ವಿಯೆನ್ನಾಕ್ಕೆ ಹೋಗಿ, ಆಸ್ಟ್ರಿಯ ದೇಶದ ಸನದನ್ನು ತನ್ನ ಬೇರೆ ಗಂಡುಮಕ್ಕಳಿಗೆ ಕೊಡಬೇಕೆಂದು ಅರ್ಜಿ ಹಾಕಿದ್ದಳು. ಹಿರಿಯನ ವಿದ್ಯೆಯಲ್ಲಿ ಕಿರಿಯರಿಗೂ ಪಾಲುಂಟೆಂದು ಆ ತಾಯಿಯು ನೆನಸಿರಬಹುದು. ಹೆತ್ತವಳ ಕರುಳು ಎಲ್ಲಾ ಮಕ್ಕಳ ಕಡೆಗೂ ಎಳೆಯುತ್ತದಲ್ಲಾ! ಆದರೆ ಒಂದೇ ಮನೆಯವರು ಅರಸನ ಬಾಗಿಲಲ್ಲಿ ಒಬ್ಬರಿಗೊಬ್ಬರು ವಿರೋಧವಾಗಿ ನಿಲ್ಲುವ ಹಾಗಾಯಿತು. ಇದೇ ಗೊಂದಲದಲ್ಲಿ ಆಂಡ್ರೆಗೂ ಸೆನೆಫೆಲ್ಡರನಿಗೂ ಮನಸ್ಸು ಮುರಿದು, ಅವರ ಕೂಟವು ಒಡೆಯಿತು.

ವಿಯೆನ್ನಾದಲ್ಲಿ ಅವನು ಕಷ್ಟಪಟ್ಟು ೧೮೦೩ರಲ್ಲಿ ಸನದನ್ನು ಪಡೆದನು. ಆದರೆ ಸನದು ತಾನೇ ಅನ್ನವನ್ನು ಕೊಡುವದಿಲ್ಲ. ಸಂಗೀತದ ಅಚ್ಚು ಲಾಭ ತರಲಿಲ್ಲ. ಹತ್ತಿಬಟ್ಟೆಯ ಅಚ್ಚೂ ನೆಲೆಗೊಳ್ಳಲಿಲ್ಲ. ಕಡೆಗೆ ಅಲ್ಲಿಯ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ೧೮೦೬ರಲ್ಲಿ ಮ್ಯೂನಿಕ್ಕಿಗೆ ಹಿಂತಿರುಗಿದನು.

ಅಲ್ಲಿ ಕಂಡದ್ದೇನು? ಅವನು ಹೋಗುವಾಗ ಮ್ಯೂನಿಕ್ಕಿನ ಅಚ್ಚಿನ ಮನೆಯನ್ನು ತಮ್ಮಂದಿರಾದ ಥಿಯೊಬಾಲ್ಡ್, ಗೆಯೋರ್ಗ್ ಎಂಬವರ ಕೈಯಲ್ಲಿ ಬಿಟ್ಟಿದ್ದನು. ಅವರು ವಿದ್ಯೆಯ ಗುಟ್ಟನ್ನು ಹಣಕ್ಕೆ ಒಂದು ಶಾಲೆಗೆ ಮಾರಿಬಿಟ್ಟಿದ್ದರು. ಕೈಕಸಬಿನವರ ಹುಡುಗರಿಗೆ ರಜಾದಿನಗಳಲ್ಲಿ ಪಾಠ ಹೇಳುತ್ತಿದ್ದ ಆ ಶಾಲೆಯ ಉಪಾಧ್ಯಾಯನಾದ ಮಿಟ್ಟರರ್ ಎಂಬವನು ಸಮರ್ಥನು. ಅವನು ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ಚಿತ್ರ ಬರೆಯುವದನ್ನು ತಿದ್ದಿ, ಯಂತ್ರವನ್ನೂ ಉತ್ತಮಪಡಿಸಿ, ವಿದ್ಯೆಯನ್ನು ಹುಡುಗರಿಗೆ ಕಲಿಸುತ್ತಿದ್ದನು. ೧೫ ವರುಷಗಳ ಸನದು ಇನ್ನೂ ಪೆಟ್ಟಿಗೆಯಲ್ಲಿ ಇತ್ತು. ವಿದ್ಯೆಯಾದರೋ ಬೀದಿಯಲ್ಲಿ ನಡೆದಾಡುತ್ತಿತ್ತು.

ಯೋಸೇಫನನ್ನು ಅವನ ಅಣ್ಣಂದಿರು ಮಾರಿದ ಚರಿತ್ರೆಯನ್ನು ನಾವು ಆದಿತ್ಯವಾರದ ಶಾಲೆಯಲ್ಲಿ ಕಲಿತಿದ್ದೇವೆ. ಅದರಲ್ಲಿ ಮನುಷ್ಯರು ಕೇಡಿಗೆ ಮಾಡಿದ್ದನ್ನು ದೇವರು ಅನೇಕರ ಮೇಲಿಗೆ ತಿರುಗಿಸಿದನು. ಇಲ್ಲಿಯೂ ಅಂಥದೊಂದು ಸಂಗತಿ ನಡೆಯಿತೆಂದು ನಮಗೆ ತೋರುತ್ತದೆ. ತಮ್ಮಂದಿರು ಮಾಡಿದ್ದು ದ್ರೋಹವೇ. ಅದನ್ನು ಒಳ್ಳೆಯದೆಂದು ಹೇಳಲಾರೆವು. ಆದರೆ ಬಡ ಹುಡುಗರು ಕಲಿತ ವಿದ್ಯೆಯು ಊರಿಂದ ಊರಿಗೆ ಹಬ್ಬಿತು.

ಸೆನೆಫೆಲ್ಡರನು ಕೋಪದಿಂದ ಕೂತುಬಿಡಲಿಲ್ಲ. ಆರೆಟಿನ್ ಎಂಬ ಶ್ರೀಮಂತನ ಸಂಗಡ ಪಾಲುಗಾರನಾಗಿ ಪುನಃ ಅಚ್ಚಿನ ಮನೆಯನ್ನು ತೆರೆದನು. ಹಿಂದಿನ ಕಾಲದ ಹೆಸರಾದ ಚಿತ್ರಗಾರನಾದ ಆಲ್ಬ್ರೆಕ್ಟ್ ಡ್ಯೂರರನು ಮಾಕ್ಸಿಮಿಲಿಯನ್ ಚಕ್ರವರ್ತಿಯ ಪ್ರಾರ್ಥನಾ ಪುಸ್ತಕದ ಅಂಚುಗಳಲ್ಲಿ ಬರೆದಿದ್ದ ಚಿತ್ರಗಳು ೧೮೦೮ರಲ್ಲಿ ಅಲ್ಲಿ ಕಲ್ಲಿನಿಂದ ಅಚ್ಚಾದವು. ಅರಮನೆಯ ಪೆಟ್ಟಿಗೆಯಲ್ಲಿ ಒಬ್ಬರ ಕಣ್ಣಿಗಾಗಿ ಇದ್ದದ್ದನ್ನು ಅನೇಕರು ನೋಡುವದಕ್ಕಾಯಿತು.

೧೮೦೯ರಲ್ಲಿ ಅವನಿಗೆ ಕಡೆಗೂ ನೆಮ್ಮದಿ ಸಿಕ್ಕಿತು. ಆಗ ಬವೇರಿಯದ ಸರಕಾರವು ಕಂದಾಯವನ್ನು ನ್ಯಾಯವಾಗಿ ಹಾಕುವದಕ್ಕೆ ಇಡೀ ಸೀಮೆಯ ಹೊಲಗದ್ದೆಗಳನ್ನು ಮೋಜಣಿಮಾಡಿಸುತ್ತಿತ್ತು. ಒಂದೊಂದು ಹೊಲದ ಗಡಿಯನ್ನೂ ತೋರಿಸುವ ನಕ್ಷೆಗಳನ್ನು ಕಲ್ಲಿನಿಂದ ಅಚ್ಚುಹಾಕಿಸಲು ನಿಶ್ಚಯಿಸಿ, ಸೆನೆಫೆಲ್ಡರನನ್ನು ವರುಷಕ್ಕೆ ೧೫೦೦ ಗುಲ್ಡನ್ ಸಂಬಳದ ಮೇಲೆ ಕಲ್ಲಚ್ಚಿನ ಮೇಲ್ವಿಚಾರಕನಾಗಿ ನೇಮಿಸಿತು. ಕಷ್ಟದಲ್ಲಿ ಜೊತೆಗಿದ್ದ ಗ್ಲೈಸ್ನರನಿಗೂ ಅಲ್ಲಿ ಕೆಲಸ ಸಿಕ್ಕಿತು. ಆ ಮೋಜಣಿಯ ಕಲ್ಲುಗಳು ೨೬,೦೦೦ಕ್ಕಿಂತ ಹೆಚ್ಚಾಗಿ ಈಗಲೂ ಮ್ಯೂನಿಕ್ಕಿನಲ್ಲಿ ಸಾಲುಸಾಲಾಗಿ ಜೋಪಾನವಾಗಿ ಇಡಲ್ಪಟ್ಟಿವೆ. ಗಡಿಯ ಜಗಳವೆಂದರೇನೆಂದು ಬಲ್ಲ ನಮ್ಮ ರೈತರು ಆ ಕಲ್ಲುಗಳ ಬೆಲೆಯನ್ನು ತಿಳಿದುಕೊಳ್ಳುವರು.

ಈಗ ಅವನ ಜೀವಮಾನದ ಮುಖ್ಯ ಕಾರ್ಯಕ್ಕೆ ಬಂದೆವು. ವಿದ್ವಾಂಸರ ಪರಿಷತ್ತಿನ ಶ್ಲಿಖ್ಟೆಗ್ರೋಲ್ ಎಂಬ ಹಿರಿಯನು ಅವನನ್ನು ಪ್ರೇರೇಪಿಸಿದ್ದರಿಂದ, ೧೮೧೮ರಲ್ಲಿ ಅವನು ಕಲ್ಲಚ್ಚಿನ ಸಂಪೂರ್ಣ ಪಾಠಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ತಾನು ಕಂಡುಹಿಡಿದ ಚರಿತ್ರೆಯನ್ನು, ತನ್ನ ಸೋಲುಗಳನ್ನು ಸಹ ಮರೆಮಾಡದೆ ಬರೆದನು. ಕಲ್ಲನ್ನು ಆರಿಸುವದು ಹೇಗೆ, ಮಸಿಗೆ ಯಾವ ಯಾವ ಸಾಮಾನು ಎಷ್ಟೆಷ್ಟು, ಆಮ್ಲವನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಯಂತ್ರವನ್ನು ಹೇಗೆ ಕಟ್ಟಬೇಕು, ಇವೆಲ್ಲವನ್ನೂ ಗುಟ್ಟಿಲ್ಲದೆ ಬಿಚ್ಚಿಟ್ಟನು. ಮುಂದಿನ ವರುಷವೇ ಅದು ಇಂಗ್ಲಿಷಿಗೂ ಫ್ರೆಂಚಿಗೂ ಭಾಷಾಂತರವಾಯಿತು. ಲಂಡನಿನ ಕಲಾಪ್ರೋತ್ಸಾಹಕ ಸಂಘದವರು ಅವನಿಗೆ ಚಿನ್ನದ ಪದಕವನ್ನು ಕೊಟ್ಟರು. ಆ ಪುಸ್ತಕದಲ್ಲಿ ಅವನು, ತನ್ನ ವಿದ್ಯೆಯು ಭೂಮಿಯ ಎಲ್ಲಾ ಕಡೆಗೂ ಹಬ್ಬಿ ಮನುಷ್ಯರಿಗೆ ಉಪಕಾರವಾಗಬೇಕೆಂದೂ, ಎಂದಿಗೂ ಕೆಟ್ಟ ಕೆಲಸಕ್ಕೆ ಬಳಸಲ್ಪಡಬಾರದೆಂದೂ ಆಶಿಸಿ, ಸರ್ವಶಕ್ತನಾದ ದೇವರು ಇದನ್ನು ಅನುಗ್ರಹಿಸಲೆಂದು ಬೇಡಿಕೊಂಡಿದ್ದಾನೆ.

ಆ ಮೇಲೆಯೂ ಅವನ ಕೈ ಸುಮ್ಮನಿರಲಿಲ್ಲ. ಭಾರವಾದ ಕಲ್ಲಿಗೆ ಬದಲಾಗಿ ಹಗುರವಾದ ಒಂದು ಕೃತಕ ಹಲಗೆಯನ್ನು ಮಾಡಿ ನೋಡಿದನು. ಪಾರಿಸಿಗೂ ಹೋಗಿ ಕೆಲಸಮಾಡಿದನು. ಬಣ್ಣದ ಅಚ್ಚಿನಲ್ಲಿ ಪ್ರಯಾಸಪಟ್ಟು, ೧೮೩೩ರಲ್ಲಿ ವರ್ಣಚಿತ್ರಗಳನ್ನು ಬಟ್ಟೆಯ ಮೇಲೆ ಅಚ್ಚುಹಾಕುವ ಕ್ರಮವನ್ನು ತೋರಿಸಿದನು. ೧೮೩೪ನೇ ಇಸವಿ ಫೆಬ್ರವರಿ ೨೬ರಲ್ಲಿ ೬೨ ವರುಷ ಪ್ರಾಯದವನಾಗಿ ಮ್ಯೂನಿಕ್ಕಿನಲ್ಲಿ ತೀರಿಹೋದನು. ಅವನು ಐಶ್ವರ್ಯವಂತನಾಗಲಿಲ್ಲ.

ಪ್ರಿಯ ವಾಚಕರೇ, ಆ ೧೮೩೪ನೇ ಇಸವಿಯನ್ನು ನೆನಪಿನಲ್ಲಿಡಿರಿ. ಅದೇ ವರುಷದ ಅಕ್ಟೋಬರ್ ತಿಂಗಳಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮಿಶನೆರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಇಳಿದರು. ಬಂದವರಿಗೆ ಶಾಲೆಗಳಿಗೂ ಸಭೆಗಳಿಗೂ ಪುಸ್ತಕಗಳು ಬೇಕಾದವು. ಕನ್ನಡಕ್ಕೆ ಅಚ್ಚುಮೊಳೆಗಳನ್ನು ಮೊದಲೇ ಬೇರೆ ಕಡೆಗಳಲ್ಲಿ ಎರಕಹೊಯ್ದಿದ್ದರು. ಶ್ರೀರಾಮಪುರದ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿಯೇ ಅಚ್ಚಾಗಿತ್ತು. ಆದರೆ ನಮ್ಮ ಅಕ್ಷರಗಳಿಗೆ ಕಾಗುಣಿತವೂ ಒತ್ತಕ್ಷರಗಳೂ ಇರುವದರಿಂದ ಮೊಳೆಗಳು ನೂರಾರು ಬೇಕು, ಅವುಗಳನ್ನು ಮಾಡಿಸುವ ಖರ್ಚೂ ಬಹಳ. ಕಲ್ಲಚ್ಚಿಗಾದರೋ ಒಂದು ಕಲ್ಲು, ಒಂದು ಯಂತ್ರ, ಅಂದವಾಗಿ ಬರೆಯುವ ಒಂದು ಕೈ ಇದ್ದರೆ ಸಾಕು. ಯಾವ ಭಾಷೆಯ ಯಾವ ಅಕ್ಷರವಾದರೂ ಸರಿ. ೧೮೪೧ರಲ್ಲಿ ವೈಗ್ಲೆ ಅಯ್ಯನವರು ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನೂ ಕೆಲಸ ಬಲ್ಲವರನ್ನೂ ಕರಕೊಂಡು ಬಂದರು. ಹೀಗೆ ಮಂಗಳೂರಿನ ಮಿಶನ್ ಅಚ್ಚುಕೂಟವು ಪ್ರಾರಂಭವಾಯಿತು. ಮತ್ತಾಯನ ಸುವಾರ್ತೆಯು ತುಳು ಭಾಷೆಯಲ್ಲಿ, ಕನ್ನಡ ಅಕ್ಷರಗಳಲ್ಲಿ, ೧೮೪೨ರಲ್ಲಿ ಕಲ್ಲಿನಿಂದಲೇ ಹೊರಟಿತು. ಮುಂದಿನ ವರುಷ ಮಂಗಳೂರ ಸಮಾಚಾರವು ಹುಟ್ಟಿತು. ತರುವಾಯ ಮೋಗ್ಲಿಂಗ್ ಅಯ್ಯನವರು ಕಾಸಮೇಜರ್ ಎಂಬ ದೊರೆಯ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕನ್ನಡದ ಹಳೇ ಗ್ರಂಥಗಳನ್ನು ಸಹ ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ತಾಳೆಗರಿಗಳಲ್ಲಿ ಕೆಲವರ ಮನೆಗಳಲ್ಲಿ ಇದ್ದದ್ದು ಅನೇಕರ ಕೈಗೆ ಬಂತು.

ಸೆನೆಫೆಲ್ಡರನು ಮಿಶನೆರಿಯಲ್ಲ, ಬೋಧಕನಲ್ಲ; ಅವನ ವಿದ್ಯೆಯು ತುಳುನಾಡಿನಲ್ಲಿ ಸುವಾರ್ತೆಯನ್ನು ಹೊತ್ತದ್ದನ್ನು ನೋಡುವದಕ್ಕೆ ಬದುಕಿ ಉಳಿಯಲಿಲ್ಲ. ವಿಯೆನ್ನಾದ ಸನದು ಅವನಿಗೆ ಅನ್ನವನ್ನು ಕೊಡಲಿಲ್ಲ. ಲಂಡನಿನ ಪೇಟೆಂಟು ಅವನನ್ನು ಧನಿಕನನ್ನಾಗಿ ಮಾಡಲಿಲ್ಲ. ಮ್ಯೂನಿಕ್ಕಿನ ಸನದು ಸ್ವಂತ ತಮ್ಮಂದಿರನ್ನು ತಡೆಯಲಿಲ್ಲ. ಮುಚ್ಚಿಟ್ಟದ್ದು ಕಳೆದುಹೋಯಿತು, ತೆರೆದುಕೊಟ್ಟದ್ದು ಸಮುದ್ರವನ್ನು ದಾಟಿ ನಮ್ಮ ಬಾಗಿಲಿಗೆ ಬಂತು. ಇಂದಿಗೂ ಆಫ್‌ಸೆಟ್ ಎಂಬ ದೊಡ್ಡ ಯಂತ್ರಗಳಲ್ಲಿ ಕಲ್ಲಿಗೆ ಬದಲಾಗಿ ತೆಳುವಾದ ಲೋಹದ ತಗಡು ಇದ್ದರೂ, ಎಣ್ಣೆಯೂ ನೀರೂ ಕೂಡವು ಎಂಬ ಅವನ ಸೂತ್ರವೇ ನಡೆಯುತ್ತಿದೆ. ಬರ್ಲಿನಿನಲ್ಲಿ ೧೮೯೨ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯ ಕೆಳಗೆ ಒಂದು ಮಗುವು ಅವನ ಹೆಸರನ್ನು ತಿರುಗುಮುರುಗಾಗಿ ಬರೆಯುತ್ತದೆ, ಇನ್ನೊಂದು ಮಗುವು ಕನ್ನಡಿಯಲ್ಲಿ ಅದನ್ನು ಓದುತ್ತದೆ. ಮನುಷ್ಯನ ಬಾಳೂ ಹಾಗೆಯೇ. ಬರೆಯುವಾಗ ಎಲ್ಲವ��� ತಿರುಗುಮುರುಗಾಗಿ ಕಾಣುತ್ತದೆ. ದೇವರು ತನ್ನ ಸಮಯದಲ್ಲಿ ಅಚ್ಚನ್ನು ಒತ್ತಿದಾಗ ಮಾತ್ರ ಸರಿಯಾಗಿ ಓದಬಹುದು.

ನಮ್ಮಲ್ಲಿ ಒಬ್ಬನಿಗೆ ನೇಯ್ಗೆ ಗೊತ್ತು, ಒಬ್ಬನಿಗೆ ಮರಗೆಲಸ, ಒಬ್ಬಳಿಗೆ ಹೊಲಿಗೆ, ಒಬ್ಬಳಿಗೆ ಬಾಣಂತಿಯ ಆರೈಕೆ. ಅದರ ಕೂಲಿಯನ್ನು ಕೇಳುವದು ತಪ್ಪಲ್ಲ. ಕೊಡತಕ್ಕವರು ಅದನ್ನು ತಡೆಯದೆ ಕೊಡಲಿ. ಆದರೆ ಆ ವಿದ್ಯೆಯನ್ನು ನಮ್ಮ ಸಂಗಡ ಗುಂಡಿಗೆ ಕೊಂಡುಹೋಗುವದು ಬೇಡ. ಸಭೆಯಲ್ಲಿರುವ ಹುಡುಗನೊಬ್ಬನನ್ನು, ಹುಡುಗಿಯೊಬ್ಬಳನ್ನು ಹತ್ತಿರ ಕರೆದು ಈ ವರುಷವೇ ಕಲಿಸಿಕೊಡೋಣ. ಅದು ಎಲ್ಲಿಗೆ ಹೋಗಿ ಮುಟ್ಟುವದೋ ನಮಗೆ ತಿಳಿಯದು, ಕರ್ತನಿಗೆ ತಿಳಿದದೆ.